ತಲೆಬಾಗಿಲಿಗೊಂದು ಹೊಸ ಕಾಲು

ಬಾಗಿಲು ಹಾಕಿಕೊಳ್ಳುತ್ತಿಲ್ಲ ಎಂದು ಯಾರಾದರೂ ಫೋನು ಮಾಡಿದರೆ ನಾನು ಮೊದಲು ಕೇಳುವುದು ಒಂದೇ ಮಾತು: ಅದಕ್ಕೆ ಈಗಾಗಲೇ ಯಾರಾದರೂ ರಂದಾ ಹೊಡೆದಿದ್ದಾರೆಯೇ? ಹೌದು ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕದ ಎಲ್ಲಿ ಉಜ್ಜುತ್ತದೋ ಅಲ್ಲಿ ರಂದಾದಿಂದ ಹೆರೆದು ಬಿಸಾಕುವುದು ನಮ್ಮ ಕಡೆಯ ಜನಕ್ಕೆ ಗೊತ್ತಿರುವ ಒಂದೇ ಔಷಧ. ಕದ ಜೋತುಬಿದ್ದಿದೆ ಅಂದರೆ ಅದನ್ನು ಹಿಡಿದುಕೊಂಡಿದ್ದ ಏನೋ ಒಂದು ಕೈಬಿಟ್ಟಿದೆ ಎಂದರ್ಥ. ಆ ಒಂದನ್ನು ಹುಡುಕಬೇಕು. ಹುಡುಕದೆ ಮರದ ಮೈ ಹೆರೆಯುತ್ತ ಹೋದರೆ ಕೊನೆಗೆ ಉಳಿಯುವುದು ಬಾಗಿಲಲ್ಲ, ಕಿಟಕಿ.

ತೇರಗಾಂವದಿಂದ ಫೋನು ಮಾಡಿದ ಹೆಣ್ಣುಮಗಳು ಏನನ್ನೂ ಮುಚ್ಚಿಡಲಿಲ್ಲ.

"ಹೊಡದಾರ್ರಿ. ಬಾಜೂ ಮನಿ ಕಾಕಾ ಮಳಿಗಾಲದಾಗ ಹೊಡದ ಕೊಟ್ಟಾರ. ಆಗ ನಾಕ ದಿನ ಬರೋಬ್ಬರಿ ಇತ್ತು, ಈಗ ಅದಕ್ಕಿಂತಾ ಕೆಟ್ಟ ಆಗೇತಿ. ನೀವ ಇವತ್ತ ಬರಬೇಕ ನೋಡ್ರಿ ಬಡಿಗ್ಯಾರ, ನನಗ ಊರಿಗೆ ಹೋಗೂದೈತಿ."

ನನ್ನ ಅಂಗಡಿ ಇರುವುದು ಹಳಿಯಾಳದ ಪೇಟೆಯಲ್ಲಿ. ಕಬ್ಬು ನುರಿಸುವ ಕಾಲ. ತೇರಗಾಂವದ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ಗಾಡಿ ಓಡಿಸುತ್ತ, ಸಲಕರಣೆಯ ಚೀಲ ಹೆಗಲಿಗೆ ಹಾಕಿಕೊಂಡು ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆ. ಮಣ್ಣಿನ ದಪ್ಪ ಗೋಡೆಯ ಹಂಚಿನ ಮನೆ. ಎದುರಿಗೆ ಹೊಸದಾಗಿ ಹಾಕಿದ ಸಿಮೆಂಟಿನ ರಸ್ತೆ ಮನೆಯ ಕಟ್ಟೆಗಿಂತ ಸ್ವಲ್ಪ ಎತ್ತರಕ್ಕೇ ಬಂದು ನಿಂತಿತ್ತು. ಫೋನು ಮಾಡಿದವರು ಒಳಗಿಂದ ಬಂದರು. ಐವತ್ತರ ಆಸುಪಾಸು, ಮೊಣಕೈವರೆಗೆ ಜೋಳದ ಹಿಟ್ಟು. ರೊಟ್ಟಿ ಬಡಿದು ಹಳಿಯಾಳದ ಖಾನಾವಳಿಗಳಿಗೆ ಕಳಿಸುವ ಕಸುಬು ಅವರದು. ನಾನು ಚೀಲ ಇಳಿಸುವ ಮೊದಲೇ, "ಅದೆಲ್ಲಾ ಆಮ್ಯಾಲ. ಮೊದಲ ಕೈಕಾಲ ತೊಳಕೋರಿ" ಅಂದರು.

ಬಾಗಿಲಿನ ಬಲಕ್ಕೆ ಒಂದು ಹಾಸುಗಲ್ಲು, ಅದರ ಪಕ್ಕ ನೀರು ತುಂಬಿದ ತಾಮ್ರದ ಕೊಡ, ಮೇಲೆ ತಂಬಿಗೆ. ನಾನು ಕಲ್ಲಿನ ಮೇಲೆ ನಿಂತು ಧಾರಾಳವಾಗಿ ಕಾಲು ತೊಳೆದುಕೊಂಡೆ. ಅವರು ಒರೆಸಿಕೊಳ್ಳಲು ಪಂಜೆ ಕೊಟ್ಟರು. ಬಂದವರ ಕಾಲಿಗೆ ನೀರು ಕೊಡದ ಮನೆ ನಮ್ಮಲ್ಲಿ ಮನೆಯೇ ಅಲ್ಲ.

ಬಾಗಿಲು ಜೋಡು ಕದದ್ದು, ಹಳೆಯ ಸಾಗವಾನಿ. ಎಡಗದ ಮುಟ್ಟಿದರೆ ಸಾಕು, ಸದ್ದಿಲ್ಲದೆ ಬಂದು ತನ್ನ ಜಾಗದಲ್ಲಿ ನಿಲ್ಲುತ್ತಿತ್ತು. ಬಲಗದದ ಕತೆ ಬೇರೆ. ಅದರ ಕೆಳಗಿನ ಮೂಲೆ ನೆಲವನ್ನು ಕೆರೆದು ಅರ್ಧಚಂದ್ರದ ಗೆರೆ ಮೂಡಿಸಿತ್ತು. ದೂಡಿದರೆ ಎಡಗದದ ಮೇಲೆ ಏರಿ ಕೂರುತ್ತಿತ್ತು. ಹೊರಗಿನಿಂದ ಕೀಲಿ ಹಾಕಲು ಕದಕ್ಕೊಂದು ಸರಪಳಿ, ಚೌಕಟ್ಟಿನ ಮೇಲ್ಪಟ್ಟಿಗೊಂದು ಕೊಂಡಿ ಇದ್ದವು. ಕದ ಕುಸಿದು ಸರಪಳಿ ಕೊಂಡಿಗೆ ಎಟುಕುತ್ತಿರಲಿಲ್ಲ. ಹಾಗಾಗಿ ಒಳಗಿನಿಂದ ಬೀಸುಕಲ್ಲು ಒತ್ತರಿಸಿಟ್ಟು ಹಿತ್ತಿಲ ಬಾಗಿಲಿನಿಂದ ಓಡಾಡುತ್ತಿದ್ದರು.

"ಹಂಗಾದ್ರ ಇನ್ನೇನ್ರಿ ಅಕ್ಕಾರ? ಕಲ್ಲ ಇಟ್ಟು, ಹಿತ್ತಲ ಬಾಗಲಕ್ಕ ಕೀಲಿ ಜಡದ ಹೋಗಿಬಿಡ್ರಿ" ಎಂದು ಕೀಟಲೆ ಮಾಡಿದೆ.

ಅವರಿಗೆ ಕೀಟಲೆ ಹಿಡಿಸಲಿಲ್ಲ. ಚಿಗಳ್ಳಿಗೆ ಕೊಟ್ಟ ಮಗಳಿಗೆ ದಿನ ತುಂಬಿದ್ದವು. ಮೊದಲ ಹೆರಿಗೆ ಪದ್ಧತಿಯಂತೆ ತವರಲ್ಲೇ ಆಗಿತ್ತು. ಇದು ಎರಡನೆಯದು, ಗಂಡನ ಮನೆಯಲ್ಲಿ. ಹೊತ್ತಿಗೆ ಸರಿಯಾಗಿ ನಾನಿರುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಿದ್ದರು. ಯಜಮಾನರು ಕಬ್ಬಿನ ಟ್ರ್ಯಾಕ್ಟರು ಹೊಡೆಯುವವರು, ಕಾರ್ಖಾನೆಯ ಸಾಲಿನಲ್ಲಿ ನಿಂತರೆ ಮನೆಯ ಕಡೆ ಮುಖ ಹಾಕಲು ಆಗುತ್ತಿರಲಿಲ್ಲ. ಕೀಲಿ ಹಾಕದೆ ಹೊರಟರೆ ಮಂಗಗಳು ಕದ ದೂಡಿ ಒಳಗೆ ಬಂದು ಹಿಟ್ಟಿನ ಡಬ್ಬಿಗಳನ್ನು ಅಂಗಳಕ್ಕೆ ಎಳೆಯುತ್ತಿದ್ದವು. ಒಮ್ಮೆ ಎಳೆದದ್ದೂ ಆಗಿತ್ತು.

"ಹಿತ್ತಲ ಬಾಗಲದಿಂದ ಹೋಗ ಅಂತೀರಲ್ಲ. ಬಾಣಂತನಕ್ಕ ಹೊಂಟಾಕಿ ಕಳ್ಳರಂಗ ಹಿತ್ತಲದಿಂದ ಹೊಂಡತಾರೇನ್ರಿ? ಹೊಸ್ತಿಲಕ್ಕ ಕೈ ಮುಗದು, ತಲಬಾಗಲದಿಂದ, ಬಲಗಾಲ ಮುಂದಿಟ್ಟ ಹೊಂಡಬೇಕು. ಒಂದ ಜೀವ ಬರೂದೈತಿ."

ನಾನು ಚೀಲ ಬಿಚ್ಚಿ ಕೆಲಸ ಶುರು ಮಾಡಿದೆ.

ಕದವನ್ನು ಕಂಬಕ್ಕೆ ಹಿಡಿದಿಟ್ಟ ಮೇಲಿನ ಬಿಜಾಗರಿಯ ಸ್ಕ್ರೂಗಳು ಸಡಿಲಾಗಿದ್ದವು. ಬೆರಳಿನಿಂದಲೇ ತಿರುಗುತ್ತಿದ್ದವು. ಅಷ್ಟು ಸಿಕ್ಕಿದ್ದೇ ನನಗೆ ಸಾಕಾಯಿತು. ಕದದ ಕೆಳಗೆ ಬೆಣೆ ಕೊಟ್ಟು ಭಾರ ಎತ್ತಿದೆ. ಅಗಲವಾದ ತೂತುಗಳಿಗೆ ಗಟ್ಟಿ ಮರದ ಗೂಟ ಕೆತ್ತಿ, ಅಂಟು ಹಚ್ಚಿ ಬಡಿದೆ, ಮೇಲೆ ಉದ್ದನೆಯ ಹೊಸ ಸ್ಕ್ರೂ ಕೂರಿಸಿದೆ. ಬೆಣೆ ತೆಗೆದೆ. ಕದ ಬಂದು ಎಡಗದಕ್ಕೆ ತಾಗಿ ನಿಂತಿತು, ಸರಪಳಿ ಹೋಗಿ ಕೊಂಡಿಗೆ ಬಿತ್ತು. ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ ಕಾಕಾಗೆ, ಅಂದರೆ ರಂದಾ ಹೊಡೆದ ಮಹಾನುಭಾವರಿಗೆ, ಕೇಳುವ ಹಾಗೆ ನಾನು ಕದವನ್ನು ಇನ್ನೆರಡು ಸಲ ತೆರೆದು ಮುಚ್ಚಿದೆ. ಕಾಕಾ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ದುಡಿದು ಬಂದವರು. ಮರದ ವಿಷಯದಲ್ಲಿ ಯಾರಿಗೂ ಜಗ್ಗುವ ಪೈಕಿ ಅಲ್ಲ. "ನೋಡೂಣು" ಅಂದರು, ಅಷ್ಟೇ.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಫೋನು.

"ಬಡಿಗ್ಯಾರ, ಬಾಗಲಾ ಮತ್ತ ನೆಲಕ್ಕ ಹತ್ತೇತ್ರಿ."

ನನ್ನ ಕೆಲಸ ಒಂದೇ ರಾತ್ರಿಗೆ ಬಿಚ್ಚಿಕೊಂಡಿತು ಎಂಬುದನ್ನು ನಾನು ನಂಬಲಿಲ್ಲ. ಯಾರೋ ಜೋರಾಗಿ ದೂಡಿರಬೇಕು, ಮಂಗ ಜೋತುಬಿದ್ದಿರಬೇಕು ಎಂದು ದಾರಿಯುದ್ದಕ್ಕೂ ಬೈದುಕೊಳ್ಳುತ್ತ ಹೋದೆ. ಅವರು ಮತ್ತೆ ತಂಬಿಗೆ ಕೊಟ್ಟರು, ನಾನು ಮತ್ತೆ ಕಾಲು ತೊಳೆದೆ. ಸ್ಕ್ರೂಗಳನ್ನು ನೋಡಿದರೆ ಒಂದೂ ಅಲುಗಿರಲಿಲ್ಲ. ಬಿಜಾಗರಿ ಕಂಬವನ್ನು ಕಚ್ಚಿ ಹಿಡಿದಿತ್ತು. ಆದರೂ ಕದ ಜೋತುಬಿದ್ದಿತ್ತು.

"ರಂದಾ ಹೊಡೀರಿ, ಏನ ಆಗಂಗಿಲ್ಲ" ಎಂದು ಕಟ್ಟೆಯ ಮೇಲಿಂದ ಕಾಕಾ ಹೇಳಿದರು. ಅವರ ದನಿಯಲ್ಲಿ ಸಂತೋಷ ತುಂಬಿತ್ತು.

ಬಿಜಾಗರಿ ಸರಿಯಿದೆ, ಕದ ಸೊಟ್ಟಗಿಲ್ಲ. ಹಾಗಾದರೆ ಅಲುಗಿದ್ದು ಕಂಬವೇ. ನಿನ್ನೆಯೇ ಮಾಡಬೇಕಾಗಿದ್ದ ಕೆಲಸವನ್ನು ಈಗ ಮಾಡಿದೆ. ಚೌಕಟ್ಟಿನ ಬಲಗಂಬದ ತಲೆಯಿಂದ ತೂಗುಗುಂಡು ಇಳಿಬಿಟ್ಟೆ. ಮೇಲೆ ದಾರ ಕಂಬಕ್ಕೆ ಅಂಟಿಕೊಂಡಂತೆಯೇ ಇತ್ತು. ಕೆಳಕ್ಕೆ ಬರುತ್ತ ಬರುತ್ತ ಕಂಬ ದಾರದಿಂದ ದೂರ ಸರಿದು, ಬುಡದಲ್ಲಿ ಒಂದು ಬೆರಳಿನಷ್ಟು ಗೋಡೆಯ ಒಳಕ್ಕೆ ಹೋಗಿತ್ತು. ತೂಗುವ ಕದ ಮೇಲಿನ ಬಿಜಾಗರಿಯಲ್ಲಿ ಕಂಬವನ್ನು ಎಳೆಯುತ್ತದೆ, ಕೆಳಗಿನದರಲ್ಲಿ ದೂಡುತ್ತದೆ. ಬುಡ ಗಟ್ಟಿ ಇದ್ದರೆ ಕಂಬ ಈ ದೂಡಾಟಕ್ಕೆ ಸೊಪ್ಪು ಹಾಕುವುದಿಲ್ಲ. ಇಲ್ಲಿ ಅದು ಗೋಡೆಯೊಳಕ್ಕೆ ಜರುಗಿತ್ತು.

ಕೂತು ಬುಡವನ್ನು ನೋಡಿದೆ. ನೋಡಲು ಚೆಂದವೇ ಇತ್ತು. ಪ್ರತಿ ದೀಪಾವಳಿಗೂ ಬಳಿದ ಕೆಂಪು, ಹಳದಿ ಎಣ್ಣೆಬಣ್ಣ ರೊಟ್ಟಿಯಷ್ಟು ದಪ್ಪವಾಗಿ ಕೂತಿತ್ತು. ದಬ್ಬಣ ಚುಚ್ಚಿದೆ. ಹಿಡಿಕೆಯವರೆಗೆ ಇಳಿದು ಹೋಯಿತು. ಒಳಗೆ ಮರವೇ ಇರಲಿಲ್ಲ, ಒದ್ದೆ ಪುಡಿ. ಇಷ್ಟು ದಿನ ಬಾಗಿಲನ್ನು ಹೊತ್ತು ನಿಲ್ಲಿಸಿದ್ದು ಬಣ್ಣ!

ಎಡಗಂಬಕ್ಕೂ ಚುಚ್ಚಿ ನೋಡಿದೆ. ದಬ್ಬಣದ ಮೊನೆ ಜಾರಿತು, ಕಲ್ಲಿನಂಥ ಮತ್ತಿಮರ. ಒಂದೇ ಮರ, ಒಂದೇ ಚೌಕಟ್ಟು, ಎರಡಕ್ಕೂ ಅದೇ ಮಳೆ ಬಿಸಿಲು. ಇದೇಕೆ ಹೀಗೆ ಎಂದು ಯೋಚಿಸುತ್ತ ನಿಂತಾಗ ನನ್ನ ಪಾದಗಳು ಇನ್ನೂ ಒದ್ದೆ ಇದ್ದವು. ಕೆಳಗೆ ನೋಡಿದೆ. ನಾನು ಸುರಿದುಕೊಂಡ ನೀರು ರಸ್ತೆಯ ಕಡೆ ಹೋಗಿರಲಿಲ್ಲ. ಹಾಸುಗಲ್ಲಿನ ಮೇಲಿಂದ ನೇರ ಬಲಗಂಬದ ಬುಡಕ್ಕೆ ಹರಿದು ಅಲ್ಲೇ ಇಂಗುತ್ತಿತ್ತು.

"ಈ ಕಲ್ಲ ಯಾವಾಗ ಹಾಕಿದ್ರಿ ಅಕ್ಕಾರ?"

"ಕಲ್ಲ ಹಳೇದ್ರಿ. ರಸ್ತಾ ಎತ್ತರ ಆದಮ್ಯಾಲ ನಮ್ಮವರು ಎತ್ತಿ ಹಾಕಿದ್ರು. ನೀರ ರಸ್ತಾಕ್ಕ ಹೋದ್ರ ಮಂದಿ ಬೈತಾರ ಅಂತ ಈ ಕಡೆ ಇಳಿಜಾರ ಕೊಟ್ಟಾರ."

ನಿನ್ನೆ ಸೋಮವಾರ. ನಾನು ಹೋದಮೇಲೆ ಮಠದ ಅಯ್ಯನವರು ಬಂದಿದ್ದರಂತೆ. ಅದೇ ಕಲ್ಲಿನ ಮೇಲೆ ಅವರನ್ನು ನಿಲ್ಲಿಸಿ ಕೊಡಗಟ್ಟಲೆ ನೀರು ಹಾಕಿ ಪಾದ ತೊಳೆದಿದ್ದರು. ಬೆಳಿಗ್ಗೆ ಎದ್ದು ಹೊಸ್ತಿಲನ್ನೂ ತೊಳೆದಿದ್ದರು. ಮೊದಲೇ ಟೊಳ್ಳಾಗಿದ್ದ ಬುಡ, ಹಿಂದಿನ ಮಣ್ಣಿನ ಗೋಡೆ, ಎರಡೂ ನೆನೆದು ಕಂಬ ಮತ್ತೆ ಜರುಗಿತ್ತು. ಬಂದವರನ್ನೆಲ್ಲ ಆದರಿಸುವ ಮನೆ ತನ್ನ ಬಾಗಿಲಿನ ಕಾಲನ್ನೇ ಕರಗಿಸಿಕೊಂಡಿತ್ತು. ಅದನ್ನು ರಿಪೇರಿ ಮಾಡಲು ಬಂದ ನಾನು ಎರಡೆರಡು ಸಲ ನೀರು ಸುರಿದು ನನ್ನ ಪಾಲನ್ನೂ ಸಲ್ಲಿಸಿದ್ದೆ. ನನಗೆ ನಗು ಬಂತು. ಅಕ್ಕಾರಿಗೆ ಬರಲಿಲ್ಲ, ಅವರು ಮಗಳ ದಿನ ಎಣಿಸುತ್ತಿದ್ದರು.

ಯಜಮಾನರಿಗೆ ಫೋನು ಹಚ್ಚಿದೆವು. ಹಿಂದೆ ಟ್ರ್ಯಾಕ್ಟರಿನ ಸದ್ದು. "ಚೌಕಟ್ಟ ಕಿತ್ತ ಒಗದು ಕಬ್ಬಣದ ಬಾಗಲಾ ಹಚ್ಚಿಬಿಡ್ರಿ" ಅಂದರು. ಚೌಕಟ್ಟು ಕೀಳಬೇಕಾದರೆ ಗೋಡೆ ಒಡೆಯಬೇಕು. ಮಣ್ಣಿನ ಗೋಡೆಯನ್ನು ಒಂದು ಕಡೆ ಮುಟ್ಟಿದರೆ ಅದು ಎಲ್ಲಿಗೆ ನಿಲ್ಲುತ್ತದೆ ಎಂದು ಹೇಳಲು ಬರುವುದಿಲ್ಲ. ವಾರ ಹಿಡಿಯುತ್ತದೆ. ಅಷ್ಟರಲ್ಲಿ ಚಿಗಳ್ಳಿಯಲ್ಲಿ ನಾಮಕರಣವೇ ಆಗಿಹೋಗುತ್ತದೆ.

ನಾನು ಬೇರೆ ದಾರಿ ಹೇಳಿದೆ. ಕಂಬ ಮೊಣಕಾಲಿನಿಂದ ಮೇಲೆ ಗಟ್ಟಿಯಿದೆ. ಕೊಳೆತ ಬುಡವನ್ನಷ್ಟೇ ಕತ್ತರಿಸಿ ಹೊಸ ಮತ್ತಿಯ ಕಾಲು ಜೋಡಿಸುತ್ತೇನೆ. ಗೋಡೆ ಒಡೆಯುವುದು ಬೇಡ. ಕಂಬದ ತುದಿಗೆ ಒಂದು ನಾಲಗೆ ಇರುತ್ತದೆ, ಅದು ಹೊಸ್ತಿಲಿನ ಕುಳಿಯೊಳಗೆ ಇಳಿದು ಕೂತಿರುತ್ತದೆ. ಆ ಕುಳಿಯಿಂದ ಕೊಳೆತದ್ದನ್ನು ತೆಗೆದು, ಉಳಿಯಿಂದ ಕುಳಿಯನ್ನು ಚೌಕ ಮಾಡಿಕೊಂಡರೆ ಹೊಸ ನಾಲಗೆ ಸರಾಗವಾಗಿ ಇಳಿಯುತ್ತದೆ. ಇಷ್ಟು ಹೇಳುವಷ್ಟರಲ್ಲಿ ಅಕ್ಕಾರು ಹೊಸ್ತಿಲಿನ ಮುಂದೆ ಬಂದು ನಿಂತರು.

"ಹೊಸ್ತಿಲಕ್ಕ ಉಳಿ ಹಚ್ಚಗೊಡಂಗಿಲ್ಲ."

"ಅಕ್ಕಾರ, ಕದಕ್ಕ ಮೊಳಿ ಹೊಡದಾರ, ಕಂಬಕ್ಕ ಹೊಡದಾರ..."

"ಕದಾ ಬ್ಯಾರೆ, ಹೊಸ್ತಿಲಾ ಬ್ಯಾರೆ. ಈ ಮನಿಗೆ ಬಂದಾಗಿಂದ ದಿನಾ ಅರಿಷಿಣ ಕುಂಕುಮ ಹಚ್ಚಿ ಪೂಜಿ ಮಾಡೇನಿ. ಮಗಳ ಹೊಟ್ಟೀಲೆ ಅದಾಳ. ಇಂಥಾದ್ರಾಗ ಹೊಸ್ತಿಲಾ ಕಡೀ ಅಂತೀರೇನು?"

ಸಿಟ್ಟು ಬಂತು ನನಗೆ. ಎದ್ದು ಹೋಗಿಬಿಡೋಣ ಅನ್ನಿಸಿತು. ಆದರೆ ಅವರ ಮುಖ ನೋಡಿದೆ, ಆ ಹೊಸ್ತಿಲನ್ನೂ ನೋಡಿದೆ. ಇಷ್ಟು ನೀರು ಕುಡಿದರೂ ಅದು ಒಂದು ಬಿರುಕೂ ಬಿಡದೆ ನಿಂತಿತ್ತು. ಗಟ್ಟಿ ಇರುವುದನ್ನು ಕೊಳೆತದ್ದರ ಸಲುವಾಗಿ ಕಡಿಯಬೇಕೇ? ರಂದಾ ಹೊಡೆಯುವವರನ್ನು ಬೈಯುವ ನಾನು ಮಾಡಲು ಹೊರಟದ್ದೂ ಅದನ್ನೇ. ಕುಳಿಯನ್ನು ನಾಲಗೆಗೆ ಹೊಂದಿಸುವ ಬದಲು ನಾಲಗೆಯನ್ನೇ ಕುಳಿಗೆ ಹೊಂದಿಸಿದರಾಯಿತು. ಕಷ್ಟ ನಿಜ. ಆದರೆ ನನಗೆ ಬರದ ಕೆಲಸವೇನಲ್ಲ.

"ಆತ್ರಿ. ಹೊಸ್ತಿಲಕ್ಕ ಕಬ್ಬಣ ಮುಟ್ಟಂಗಿಲ್ಲ. ಆದ್ರ ಕುಣ್ಯಾಗಿನ ಹೊಲಸ ನೀವ ತಗದ ಕೊಡಬೇಕು."

ಆ ದಿನ ಅಂಗಡಿಗೆ ವಾಪಸಾಗಿ ಹಳೆಯ ಮನೆಯೊಂದರ ತೊಲೆಯಿಂದ ಉಳಿದಿದ್ದ ಒಣಗಿದ ಮತ್ತಿಯ ತುಂಡನ್ನು ಹುಡುಕಿ ಸಾಪು ಮಾಡಿಟ್ಟುಕೊಂಡೆ. ಮರುದಿನ ಬೆಳಿಗ್ಗೆ ಬೇಗ ಹೋದೆ. ಈ ಸಲ ಕಾಲು ತೊಳೆಯಲಿಲ್ಲ, "ಇವತ್ತ ಕ್ಷಮಾ ಮಾಡ್ರಿ" ಅಂದೆ. ಕದವನ್ನು ಬಿಚ್ಚಿ ಒಳಗಿನ ಗೋಡೆಗೆ ಆನಿಸಿಟ್ಟೆ. ಯಜಮಾನರ ಟ್ರ್ಯಾಕ್ಟರಿನ ಹಳೆಯ ಜಾಕು ಮನೆಯಲ್ಲಿತ್ತು. ಬಾಗಿಲಿನ ನಡುವೆ, ಹೊಸ್ತಿಲು ದಾಟಿ ಒಳನೆಲದ ಮೇಲೆ ಹಲಗೆ ಹಾಸಿ ಜಾಕು ಇಟ್ಟೆ. ಅದರ ಮೇಲೆ ದಪ್ಪ ಕಂಬ ನಿಲ್ಲಿಸಿ, ಮೇಲ್ಪಟ್ಟಿಯ ಭಾರ ಬಲಗಂಬದಿಂದ ಇದಕ್ಕೆ ಬರುವವರೆಗೆ ನಿಧಾನವಾಗಿ ಏರಿಸಿದೆ. ಕಾಕಾ ತಾವಾಗಿಯೇ ಬಂದು ಕಂಬ ಹಿಡಿದರು. "ಡಿಪೋದಾಗ ಇದಕ್ಕಿಂತ ದೊಡ್ಡ ದೊಡ್ಡ ದಿಮ್ಮಿ ಎತ್ತೇನಿ" ಅಂದರು. ನಾನು ಹೌದೆಂದೆ. ಅವರ ಕೈ ನಿಜಕ್ಕೂ ಗಟ್ಟಿಯಿತ್ತು.

ಗರಗಸದಿಂದ ಬಲಗಂಬವನ್ನು ಮೊಣಕಾಲಿನೆತ್ತರದಲ್ಲಿ ಕತ್ತರಿಸಿದೆ. ನೇರ ಕತ್ತರಿಸಲಿಲ್ಲ. ಅರ್ಧ ದಪ್ಪ ಮೇಲೆ, ಅರ್ಧ ದಪ್ಪ ಕೆಳಗೆ ಬರುವ ಹಾಗೆ ಮೆಟ್ಟಿಲು ಬಿಟ್ಟೆ. ಹೊಸ ಕಾಲಿಗೂ ಅಂಥದೇ ಮೆಟ್ಟಿಲು ಮಾಡಿದರೆ ಎರಡೂ ಒಂದರ ಪಕ್ಕ ಒಂದು ಅಪ್ಪಿಕೊಂಡು ನಿಲ್ಲುತ್ತವೆ. ಕೊಳೆತ ಬುಡ ಕೈಗೆ ಬಂದಾಗ ಒದ್ದೆ ಅವಲಕ್ಕಿಯ ಹಾಗೆ ಉದುರಿತು. ಕುಳಿಯೊಳಗೆ ಉಳಿದದ್ದನ್ನು ಅಕ್ಕಾರು ಬಿದಿರಿನ ಸೀಳಿನಿಂದ ಕೆರೆದು ಕೆರೆದು ತೆಗೆದರು, ಒಣ ಬಟ್ಟೆಯಿಂದ ಒರೆಸಿದರು.

ಈಗ ಅಳತೆ. ಹಿಂದಿನ ಕಾಲದ ಯಾರೋ ಕೈಯಲ್ಲೇ ತೋಡಿದ ಕುಳಿ ಅದು. ಬಾಯಿ ಸೊಟ್ಟ, ಒಂದು ಮಗ್ಗುಲು ಒಳಕ್ಕೆ ಇಳಿಜಾರು, ತಳ ಎತ್ತಲೋ. ಕಡ್ಡಿ ಇಳಿಸಿ, ಬೆರಳು ಇಳಿಸಿ, ರಟ್ಟು ಕತ್ತರಿಸಿ ನೋಡಿದೆ. ಪ್ರತಿ ಸಲವೂ ಬೇರೆ ಅಳತೆ ಬರುತ್ತಿತ್ತು. ಅಕ್ಕಾರು ನನ್ನ ಪರದಾಟ ನೋಡುತ್ತ ನಿಂತಿದ್ದರು.

"ನಿಮಗ ಆ ಕುಣೀದ ಅಚ್ಚ ಬೇಕಲ್ರಿ?"

"ಹೌದ್ರಿ."

"ಮದಲ ಹೇಳಬಾರದ? ಜ್ವಾಳದ ಹಿಟ್ಟ ಮುರೀತೈತಿ. ಗೋದಿ ಕಣಕ ನಾದತೇನಿ, ತಡೀರಿ."

ಬಿಗಿಯಾಗಿ ನಾದಿದ ಕಣಕ ತಂದರು. ಕುಳಿಗೆ ಎಣ್ಣೆ ಸವರಿದರು, ಒಣ ಹಿಟ್ಟು ಉದುರಿಸಿದರು, ಕಣಕವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದರು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಅಲುಗಿಸಿ ಎತ್ತಿದಾಗ ಕುಳಿಯ ಒಳರೂಪ ಹಾಗೆಯೇ ಕೈಯಲ್ಲಿತ್ತು. ಸೊಟ್ಟ ಬಾಯಿ, ಇಳಿಜಾರು ಮಗ್ಗುಲು, ಓರೆ ತಳ, ಎಲ್ಲ. ನಾನು ಈ ಕೆಲಸ ಮಾಡುತ್ತ ಮುದುಕನಾಗುತ್ತ ಬಂದಿದ್ದೇನೆ, ಇಂಥ ಅಳತೆಪಟ್ಟಿ ಎಂದೂ ಹಿಡಿದಿರಲಿಲ್ಲ. ಅದನ್ನು ತಟ್ಟೆಯಲ್ಲಿಟ್ಟು, ಗಟ್ಟಿಯಾಗಲಿ ಎಂದು ಕಟ್ಟೆಯ ನೆರಳಿಗೆ ಸರಿಸಿದರು.

ಆಗಲೇ ಅಕ್ಕಾರಿಗೆ ಒಂದು ಫೋನು ಬಂತು. ಅಳಿಯ. ಬೆಳಿಗ್ಗೆಯಿಂದ ಮಗಳಿಗೆ ನೋವು ಶುರುವಾಗಿದೆ, ಮುಂಡಗೋಡದ ದವಾಖಾನೆಗೆ ಕರೆದೊಯ್ಯುತ್ತಿದ್ದೇವೆ ಎಂದ. ಅಕ್ಕಾರು ಫೋನು ಇಟ್ಟು ಬಾಗಿಲನ್ನು ನೋಡಿದರು. ನಡುವೆ ಜಾಕಿನ ಕಂಬ, ಒಂದು ಕದ ಗೋಡೆಗೆ ಒರಗಿದೆ, ಚೌಕಟ್ಟಿಗೆ ಒಂದು ಕಾಲೇ ಇಲ್ಲ. ಅವರ ಕಣ್ಣಲ್ಲಿ ನೀರು ತುಂಬಿತು.

"ಹಿತ್ತಲ ಬಾಗಲದಿಂದ ಹೋಗಿಬಿಡವಾ, ದೇವರ ಏನ ಅನ್ನಂಗಿಲ್ಲ" ಅಂದರು ಕಾಕಾ.

"ಯಾಕ ಹಿತ್ತಲದಿಂದ?" ಅಂದೆ ನಾನು. "ತಲಬಾಗಲದಿಂದನ ಹೋಗ್ರಿ. ಎಡಗಡೆ ಜಾಗಾ ಐತಿ. ಕಂಬ ನಾ ಹಿಡೀತೇನಿ. ಸಂಜೀಗೆ ಈ ಬಾಗಲಕ್ಕ ಕೀಲಿ ಬೀಳತೈತಿ, ಇದು ನನ್ನ ಮಾತು."

ಮಾತೇನೋ ಕೊಟ್ಟೆ. ಹೊಸ ಕಾಲಿನ ನಾಲಗೆ ಇನ್ನೂ ಕೆತ್ತಿಯೇ ಇರಲಿಲ್ಲ. ಅವರು ಸೀರೆ ಬದಲಿಸಿ, ಚೀಲ ಹಿಡಿದು ಬಂದರು. ಕೀಲಿಯನ್ನು, ಅಂದರೆ ಬೀಗ ಮತ್ತು ಬೀಗದ ಕೈ ಎರಡನ್ನೂ, ನನ್ನ ಅಂಗೈಯಲ್ಲಿಟ್ಟರು. ಮೂರು ದಿನದ ಪರಿಚಯದ ಮನುಷ್ಯನ ಕೈಯಲ್ಲಿ ಇಡೀ ಮನೆ. ಆಮೇಲೆ ಬಗ್ಗಿ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನೂ ಕಾಕಾನೂ ಎರಡು ಕಡೆಯಿಂದ ಆನಿಕೆಯ ಕಂಬ ಹಿಡಿದು ನಿಂತೆವು. ಅವರು ಸೆರಗು ಬಿಗಿ ಹಿಡಿದು, ಮೈ ಓರೆ ಮಾಡಿ, ಬಲಗಾಲು ಮುಂದಿಟ್ಟು ಹೊಸ್ತಿಲು ದಾಟಿದರು. ಹಳಿಯಾಳದ ಕಡೆ ಹೊರಟಿದ್ದ ಟೆಂಪೋವನ್ನು ಕೈ ಮಾಡಿ ನಿಲ್ಲಿಸಿ ಅವರನ್ನು ಹತ್ತಿಸಿದೆವು.

ತಿರುಗಿ ಬಂದರೆ ತಟ್ಟೆ ಖಾಲಿ. ಹಂಚಿನ ಮೇಲೆ ದೊಡ್ಡದೊಂದು ಮುಸುವ ಕೂತು ನನ್ನ ಅಳತೆಪಟ್ಟಿಯನ್ನು ನಿಧಾನವಾಗಿ ತಿನ್ನುತ್ತಿತ್ತು.

ಕಾಕಾ ಕಲ್ಲೆಸೆದರು, ಬೈದರು. ಅದು ಇನ್ನೊಂದು ತುತ್ತು ಹಾಕಿಕೊಂಡಿತು. ಬೇರೆಯವರ ಅಡಿಗೆಮನೆಗೆ ನಾನು ಹೋಗುವಂತಿರಲಿಲ್ಲ. ಕಾಕಾ ತಮ್ಮ ಮನೆಯಿಂದ ಕಣಕ ಕಲಸಿ ತಂದರು. ಅದು ಹೋಳಿಗೆಗೆ ಲಾಯಕ್ಕಾದ ಕಣಕ, ಕುಳಿಯೊಳಗೆ ಹಾಕಿದ್ದೇ ಅಂಟಿಕೊಂಡು ಕೂತಿತು. ಅದನ್ನು ಕೆರೆದು ತೆಗೆಯುವುದರಲ್ಲೇ ಹೊತ್ತು ಹೋಯಿತು. ಕೊನೆಗೆ ನಾಚಿಕೆ ಬಿಟ್ಟು ಅಕ್ಕಾರಿಗೆ ಫೋನು ಮಾಡಿದೆ. ಅವರಾಗಲೇ ಮುಂಡಗೋಡದ ಬಸ್ಸಿನಲ್ಲಿದ್ದರು.

"ಮಂಗ್ಯಾ ತಿಂತ?" ಅಂದರು. ಆ ಗಾಬರಿಯಲ್ಲೂ ನಕ್ಕುಬಿಟ್ಟರು. "ನೀರ ಚಿಮಕಸ್ರಿ, ಸುರೀಬ್ಯಾಡ್ರಿ. ಮುಷ್ಟಿಲೆ ಗುದ್ದಿ ನಾದ್ರಿ. ಬೆರಳ ಒತ್ತಿದ್ರ ಗುರ್ತ ಉಳೀಬೇಕು, ಹಿಟ್ಟ ಕೈಗೆ ಹತ್ತಬಾರದು. ಎಣ್ಣಿ ಸವರಿ ಒಣ ಹಿಟ್ಟ ಉದರಸೂದ ಮರೀಬ್ಯಾಡ್ರಿ."

ಮಗಳು ನೋವು ತಿನ್ನುತ್ತಿರುವಾಗ ಬಸ್ಸಿನಲ್ಲಿ ಕೂತು ಬಡಗಿಯೊಬ್ಬನಿಗೆ ಕಣಕ ನಾದಲು ಕಲಿಸಿದ ತಾಯಿ ಇನ್ನೊಬ್ಬರು ಇರಲಿಕ್ಕಿಲ್ಲ. ಕಾಕಾ ತಂದುಕೊಟ್ಟ ಹಿಟ್ಟನ್ನು ಕಟ್ಟೆಯ ಮೇಲೆ ಕೂತು ನಾನೇ ಗುದ್ದಿ ನಾದಿದೆ. ಎರಡನೆಯ ಅಚ್ಚು ಸರಿಯಾಗಿ ಬಂತು. ಈ ಸಲ ಅದರ ಕಾವಲಿಗೆ ಕಾಕಾ ಬಡಿಗೆ ಹಿಡಿದು ಕೂತರು.

ಅಚ್ಚನ್ನು ಪಕ್ಕದಲ್ಲಿಟ್ಟುಕೊಂಡು ಮತ್ತಿಯ ತುದಿಯನ್ನು ಕೆತ್ತಿದೆ. ಮತ್ತಿ ಸುಲಭಕ್ಕೆ ಮಾತು ಕೇಳುವ ಮರವಲ್ಲ, ಉಳಿಯನ್ನು ನಡುನಡುವೆ ಮಸೆಯಬೇಕಾಯಿತು. ಸ್ವಲ್ಪ ಕೆತ್ತುವುದು, ಕುಳಿಗೆ ಇಳಿಸಿ ನೋಡುವುದು, ಎಲ್ಲಿ ಹಿಟ್ಟಿನ ಬಿಳಿ ಗುರುತು ಮೂಡಿದೆಯೋ ಅಲ್ಲಿ ಮತ್ತೆ ಕೆತ್ತುವುದು. ಕುಳಿಯಲ್ಲಿ ಉಳಿದಿದ್ದ ಆ ಒಣ ಹಿಟ್ಟೇ ಎಲ್ಲಿ ತಾಗುತ್ತಿದೆ ಎಂದು ತೋರಿಸುತ್ತಿತ್ತು. ಬಿಸಿಲು ರಸ್ತೆಯ ಆಚೆ ಬದಿಗೆ ಸರಿಯುವ ಹೊತ್ತಿಗೆ ನಾಲಗೆ ಕೊಡತಿಯ ಒಂದು ಮೆಲ್ಲನೆಯ ಏಟಿಗೆ ಕುಳಿಯೊಳಗೆ ಇಳಿದು ಕೂತಿತು. ಬೆರಳಿನಿಂದ ಅಲುಗಿಸಿದೆ, ಅಲುಗಲಿಲ್ಲ. ಆಗ ನನಗಾದ ಸಂತೋಷವನ್ನು ಏಕೆ ಮುಚ್ಚಿಡಲಿ? ಕಾಕಾನ ಬೆನ್ನಿಗೆ ಒಂದು ಗುದ್ದು ಕೊಟ್ಟೆ.

ಹೊಸ ಕಾಲನ್ನು ಮೇಲಿನಿಂದ ಕುಳಿಗೆ ಇಳಿಸಬೇಕಾದ್ದರಿಂದ ಹಳೆಯ ಕಂಬಕ್ಕೂ ಇದಕ್ಕೂ ನಡುವೆ ಎರಡು ಬೆರಳು ಸಂದಿ ಬಿಟ್ಟಿದ್ದೆ. ತೂಗುಗುಂಡು ಇಳಿಬಿಟ್ಟು ಕಂಬವನ್ನು ನೇರಕ್ಕೆ ತಂದೆ. ಎದುರುಬದುರು ಎರಡೆರಡು ಬೆಣೆಗಳನ್ನು ಅಂಟು ಹಚ್ಚಿ ಸಂದಿಗೆ ಬಡಿದೆ. ಭಾರ ಹೊಸ ಕಾಲಿನ ಮೇಲೆ ಬಂದದ್ದು ಕೊಡತಿಯ ಸದ್ದಿನಲ್ಲೇ ಗೊತ್ತಾಯಿತು, ಟೊಳ್ಳು ಸದ್ದು ಹೋಗಿ ಗಟ್ಟಿಯಾಯಿತು. ಅಪ್ಪಿಕೊಂಡ ಎರಡೂ ಮರಗಳಿಗೆ ಬೋಲ್ಟು ಹಾಕಿ ಬಿಗಿದೆ. ಹಿಂದಿನ ಗೋಡೆಯ ನೆನೆದ ಮಣ್ಣು ಕೆರೆದು ತೆಗೆದು ಇಟ್ಟಿಗೆ ಚೂರು, ಸಿಮೆಂಟು ತುಂಬಿದೆ. ಜಾಕು ಇಳಿಸುವಾಗ ಕಾಕಾ ಕಣ್ಣು ಮುಚ್ಚಿಕೊಂಡರು. ಮೇಲ್ಪಟ್ಟಿಯಿಂದ ಒಂದು ಹಿಡಿ ಮಣ್ಣು ಉದುರಿತು, ಅಷ್ಟೇ. ಕೊನೆಗೆ ಇಬ್ಬರೂ ಸೇರಿ ಆ ಹಾಸುಗಲ್ಲನ್ನು ಮೀಟಿ ಎತ್ತಿ ಬಾಗಿಲಿನಿಂದ ದೂರ, ಮನೆಯ ಮೂಲೆಯ ಗಟಾರದ ಪಕ್ಕಕ್ಕೆ ಹಾಕಿದೆವು. ಕೊಡವನ್ನೂ ಅಲ್ಲಿಗೇ ಸರಿಸಿದೆವು.

ಕದ ಏರಿಸಿದಾಗ ದೀಪ ಹಚ್ಚುವ ಹೊತ್ತು. ಬಲಗದ ತಾನಾಗಿಯೇ ಬಂದು ಎಡಗದದ ಮಗ್ಗುಲಿಗೆ ನಿಂತಿತು. ಕಾಕಾ ರಂದಾ ಹೊಡೆದಿದ್ದ ಕಡೆ ಮಾತ್ರ ಕಡ್ಡಿ ತೂರುವಷ್ಟು ಸಂದಿ ಉಳಿದಿತ್ತು. "ಇದು ನಿಮ್ಮ ಗುರ್ತಿಗೆ ಇರಲಿ" ಎಂದೆ. ಅವರು ಮುಖ ಆ ಕಡೆ ಮಾಡಿದರು. ಮನೆ ಕತ್ತಲಲ್ಲಿರಬಾರದೆಂದು ಅವರೇ ಒಂದು ಪಣತಿ ತಂದು ಬಾಗಿಲ ಪಕ್ಕದ ಗೂಡಿನಲ್ಲಿ ಹಚ್ಚಿಟ್ಟರು. ನಾನು ಸರಪಳಿ ಎತ್ತಿ ಕೊಂಡಿಗೆ ಹಾಕಿ ಬೀಗ ಒತ್ತಿದೆ.

ಫೋನು ಮಾಡಿದರೆ ಬಹಳ ಹೊತ್ತು ಎತ್ತಲಿಲ್ಲ. ಆಮೇಲೆ ಅವರೇ ಮಾಡಿದರು. ಇಬ್ಬರೂ ಒಟ್ಟಿಗೇ ಕೇಳಿದೆವು.

"ಬಾಗಲಾ?"

"ಮಗಳು?"

"ನೀವ ಮದಲ ಹೇಳ್ರಿ" ಅಂದರು.

"ಕೀಲಿ ಬಿತ್ರಿ ಅಕ್ಕಾರ. ಕೀಲಿಕೈ ಕಾಕಾನ ಕಡೆ ಐತಿ."

"ಇಲ್ಲೂ ಸುಸೂತ್ರ ಆತ್ರಿ. ಹೆಣ್ಣ ಕೂಸು. ನಾ ಬಂದ ಬಾಜೂಕ ನಿಂತಮ್ಯಾಲನ ಹಡದಾಳ ನೋಡ್ರಿ ನನ್ನ ಮಗಳು." ಮುಂದಿನದು ಅಳುವೋ ನಗುವೋ ನನಗೆ ತಿಳಿಯಲಿಲ್ಲ.

ಬಾಣಂತನ ಮುಗಿಸಿ ಅವರು ಊರಿಗೆ ಬಂದದ್ದು ಕಬ್ಬಿನ ಹಂಗಾಮು ಮುಗಿದಮೇಲೆ. ಕರೆದರು, ಹೋದೆ. ಹೊಸ ಕಾಲಿಗೆ ಬಣ್ಣ ಹಚ್ಚಿಬಿಟ್ಟಿದ್ದಾರೋ, ಕಲ್ಲನ್ನು ಮತ್ತೆ ಹಳೆಯ ಜಾಗಕ್ಕೆ ಎಳೆದಿದ್ದಾರೋ ಎಂಬ ಅನುಮಾನ ಇಟ್ಟುಕೊಂಡೇ ಹೋದೆ. ಕಲ್ಲು ಗಟಾರದ ಪಕ್ಕದಲ್ಲೇ ಇತ್ತು. ಅಲ್ಲಿಯೇ ತಂಬಿಗೆ ಕೊಟ್ಟರು, ಈ ಸಲ ನಿಶ್ಚಿಂತೆಯಿಂದ ಕಾಲು ತೊಳೆದೆ. ಬಾಗಿಲ ಹತ್ತಿರ ಬಂದು ನೋಡಿದರೆ ಹೊಸ್ತಿಲಿನ ಮೇಲೆ ಎಂದಿನಂತೆ ಅರಿಶಿನ, ಕುಂಕುಮ, ಎರಡು ಹೂವು. ಅದರ ಬಲತುದಿಯಲ್ಲಿ, ಬಣ್ಣವಿಲ್ಲದೆ ನಿಂತಿದ್ದ ನನ್ನ ಮತ್ತಿಯ ಕಾಲಿಗೂ ಅಷ್ಟೇ ಅರಿಶಿನ, ಅಷ್ಟೇ ಕುಂಕುಮ. ನನ್ನ ಕೈಯ ಕೆಲಸಕ್ಕೆ ಯಾರಾದರೂ ಪೂಜೆ ಮಾಡಿದ್ದು ಅದೇ ಮೊದಲು. ಬಗ್ಗಿ ಬುಡ ಮುಟ್ಟಿ ನೋಡಿದೆ. ಒಣಗಿತ್ತು.

"ಮುಟ್ಟಿ ನೋಡಬ್ಯಾಡ್ರಿ" ಅಂದರು ಅಕ್ಕಾರು, ಒಳಗಿಂದಲೇ. "ನೀರ ಹಾಕಂಗಿಲ್ಲ ನಾ. ಅರಿವಿ ಹಿಂಡಿ ಒರಸ್ತೇನಿ."